ಕಿರು ಅಳತೆಯ ರಿಮೋಟ್ ಮಾನ್ಸ್ಟರ್ ಟ್ರಕ್: ಕಿಟ್ ಜೋಡಣೆ ಮತ್ತು ಮಾರ್ಪಾಡಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಮಂಜೇಶ್ವರ ಕಡೆಯ ಹಲವರು ಈ ಹವ್ಯಾಸಕ್ಕೆ ಇಳಿಯುವ ಮುನ್ನ ನನ್ನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ, ಅಡಿಕೆ ಕೃಷಿಕರೂ ಇದ್ದಾರೆ. ಕಾಸರಗೋಡಿನ ಮುರಕಲ್ಲಿನ ನೆಲ, ನಾಲ್ಕು ತಿಂಗಳ ಮಳೆ, ಕಡಲ ಕಡೆಯ ಉಪ್ಪುಗಾಳಿ ಇವುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ, ಏಕೆಂದರೆ ಕಿಟ್ಟಿನ ಜೊತೆಗೆ ಬರುವ ಕೈಪಿಡಿಯಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ.

ಮಾನ್ಸ್ಟರ್ ಟ್ರಕ್ ಎಂದರೆ ಯಾವುದು? ‘ಕಿರು ಅಳತೆ’ ಎಂದರೆ ಎಷ್ಟು ಕಿರಿದು?

ಅಮೆರಿಕದ ಸೇಂಟ್ ಲೂಯಿಸ್ ಪ್ರದೇಶದ ಬಾಬ್ ಚಾಂಡ್ಲರ್ ಎಂಬವರು 1974ರ ಮಾದರಿಯ ಫೋರ್ಡ್ ಎಫ್-250 ಪಿಕಪ್ ಒಂದನ್ನು ವರ್ಷಗಳ ಕಾಲ ಬಿಚ್ಚಿ ಕಟ್ಟಿ ಎತ್ತರಿಸುತ್ತ ಬಂದು, ಅದಕ್ಕೆ ‘ಬಿಗ್‌ಫುಟ್’ ಎಂದು ಹೆಸರಿಟ್ಟು, 1981ರಲ್ಲಿ ಹಳೆಯ ಕಾರುಗಳ ಮೇಲೆ ಹತ್ತಿಸಿದರು. ಈ ಜಾತಿಯ ವಾಹನ ಹೆಸರಾದದ್ದು ಅಲ್ಲಿಂದ. ಇಂದಿನ ದೊಡ್ಡ ಮಾನ್ಸ್ಟರ್ ಟ್ರಕ್ಕಿನ ಟಯರು 66 ಇಂಚು, ಅಂದರೆ ಸುಮಾರು 168 ಸೆಂ.ಮೀ. ಎತ್ತರವಿರುತ್ತದೆ, ಒಬ್ಬ ಮನುಷ್ಯನ ಆಳು. ಆಟಿಕೆ ಮಾದರಿಗಳನ್ನು ತಯಾರಿಸುವ ಜಪಾನಿನ ತಮಿಯಾ ಕಂಪನಿ 1987ರಲ್ಲಿ ‘ಲಂಚ್ ಬಾಕ್ಸ್’ ಮತ್ತು ‘ಕ್ಲಾಡ್ ಬಸ್ಟರ್’ ಎಂಬ ಎರಡು ಕಿಟ್‌ಗಳನ್ನು ಹೊರತಂದಿತು. ಮೊದಲನೆಯದು 1:12 ಅಳತೆಯ, ಅಂದರೆ ನಿಜವಾದ ವಾಹನದ ಹನ್ನೆರಡನೆಯ ಒಂದು ಪಾಲಿನ, ಹಿಂದಿನ ಚಕ್ರಗಳು ಮಾತ್ರ ಎಳೆಯುವ ಸರಳ ಗಾಡಿ. ಎರಡನೆಯದು ಎರಡು ಮೋಟಾರು, ನಾಲ್ಕು ಚಕ್ರಗಳ ಎಳೆತ, ನಾಲ್ಕು ಚಕ್ರಗಳ ತಿರುವು ಇರುವ 1:10 ಅಳತೆಯ ಗಾಡಿ.

ಇಲ್ಲಿ ನಾನು ಕಿರು ಅಳತೆ ಎನ್ನುವುದು 1:16ರಿಂದ 1:24ರ ವರೆಗಿನ ಗಾಡಿಗಳಿಗೆ. 1:24ರಲ್ಲಿ ಆ 168 ಸೆಂ.ಮೀ. ಟಯರು 7 ಸೆಂ.ಮೀ. ಆಗುತ್ತದೆ, 1:18ರಲ್ಲಿ 9 ಸೆಂ.ಮೀ.ಗೆ ಸ್ವಲ್ಪ ಮೇಲೆ. ತೂಕದ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಉದ್ದ 24 ಪಾಲು ಕಡಿಮೆಯಾದರೆ ತೂಕ 24ರ ಘನದಷ್ಟು, ಅಂದರೆ 13,824 ಪಾಲು ಕಡಿಮೆಯಾಗಬೇಕು. 5 ಟನ್ ಟ್ರಕ್ಕು ಆ ಲೆಕ್ಕದಲ್ಲಿ ಸುಮಾರು 360 ಗ್ರಾಂಗೆ ಇಳಿಯುತ್ತದೆ. ಕಿರು ಗಾಡಿಗಳು ಎದೆಯೆತ್ತರದಿಂದ ಬಿದ್ದರೂ ಮುರಿಯದೆ ಉಳಿಯುವುದಕ್ಕೆ ಈ ಹಗುರತನವೇ ಕಾರಣ.

ಸಿದ್ಧ ಗಾಡಿ ಸಿಗುವಾಗ ಕಿಟ್ ಯಾಕೆ ಬೇಕು?

ಓಡಿಸುವುದಷ್ಟೇ ನಿಮ್ಮ ಆಸೆಯಾಗಿದ್ದರೆ ಸಿದ್ಧ ಗಾಡಿಯೇ ಸಾಕು. ಮಾರ್ಪಾಡು ಮಾಡುವ ಮನಸ್ಸಿದ್ದರೆ ಮಾತ್ರ ಕಿಟ್ಟನ್ನು ನಾನು ಒತ್ತಾಯಿಸಿಯೇ ಹೇಳುತ್ತೇನೆ. ಬ್ಯಾಟರಿಯಿಂದ ಹೊರಟ ಬಲ ವೇಗ ನಿಯಂತ್ರಕ, ಮೋಟಾರು, ಪಿನಿಯನ್ (ಮೋಟಾರಿನ ತುದಿಯ ಸಣ್ಣ ಗೇರು), ದೊಡ್ಡ ಗೇರು, ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ), ಆಕ್ಸೆಲ್, ಚಕ್ರದ ನಟ್ಟು ಇವುಗಳ ಮೂಲಕ ನೆಲಕ್ಕೆ ತಲುಪುತ್ತದೆ. ಈ ದಾರಿಯನ್ನು ಒಮ್ಮೆ ಕೈಯಾರೆ ಜೋಡಿಸಿದವರಿಗೆ ಗಾಡಿ ನಿಂತಾಗ ಎಲ್ಲಿ ನೋಡಬೇಕೆಂಬುದು ತಿಳಿಯುತ್ತದೆ. ಮುಂದಿನ ಬಹುಪಾಲು ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಈ ದಾರಿಗೇ ಬರುತ್ತೇನೆ.

ಕಿಟ್ಟಿನ ಪೆಟ್ಟಿಗೆಯಲ್ಲಿ ಎಲ್ಲವೂ ಇರುತ್ತದೆಯೇ?

ಇರುವುದಿಲ್ಲ. ಸಾಮಾನ್ಯವಾಗಿ ಚಾಸಿ, ಗೇರುಗಳು, ಚಕ್ರಗಳು, ಬಣ್ಣ ಹಾಕದ ಬಾಡಿ ಮತ್ತು ಮೋಟಾರು ಇರುತ್ತವೆ. ರಿಮೋಟ್, ಅದರ ಸಂಕೇತವನ್ನು ಗಾಡಿಯಲ್ಲಿ ಹಿಡಿಯುವ ರಿಸೀವರ್, ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸರ್ವೋ, ಬ್ಯಾಟರಿ, ಚಾರ್ಜರ್ ಮತ್ತು ಬಣ್ಣವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ವೇಗ ನಿಯಂತ್ರಕ ಕೆಲವು ಕಿಟ್ಟಿನಲ್ಲಿರುತ್ತದೆ, ಕೆಲವದರಲ್ಲಿ ಇಲ್ಲ. ಕಿಟ್ಟಿನ ಬೆಲೆ ನೋಡಿ ಹಣ ಹೊಂದಿಸಿಕೊಂಡವರು ಇವುಗಳನ್ನು ಸೇರಿಸಿದಾಗ ಬೇಸರಪಡುವುದನ್ನು ಕಂಡಿದ್ದೇನೆ, ಆದ್ದರಿಂದ ಮೊದಲೇ ಪೂರ್ತಿ ಪಟ್ಟಿ ಮಾಡಿ ಒಟ್ಟು ಮೊತ್ತ ನೋಡಿಕೊಳ್ಳಬೇಕು. ಬಿಡಿಭಾಗಗಳು ಭಾರತದಲ್ಲಿ ಸಿಗುತ್ತವೆಯೇ ಎಂಬುದನ್ನೂ ಕಿಟ್ ಕೊಳ್ಳುವ ಮೊದಲೇ ವಿಚಾರಿಸಬೇಕು. ಹೊರದೇಶದಿಂದ ತರಿಸುವ ಒಂದು ಸಣ್ಣ ಗೇರಿಗೆ ಸಾಗಣೆ ಮತ್ತು ಸುಂಕ ಸೇರಿದಾಗ ಆ ಗೇರಿನ ಬೆಲೆಯ ಹಲವು ಪಾಲು ತೆರಬೇಕಾಗುತ್ತದೆ.

ಯಾವ ಉಪಕರಣಗಳು ಅಗತ್ಯ?

ಒಳ್ಳೆಯ ಸ್ಕ್ರೂಡ್ರೈವರ್ ಎಲ್ಲಕ್ಕಿಂತ ಮುಖ್ಯ. ಜಪಾನಿನ ಕಿಟ್‌ಗಳ ಸ್ಕ್ರೂ ತಲೆ ನೋಡಲು ನಮ್ಮ ಸ್ಟಾರ್ ಸ್ಕ್ರೂವಿನಂತೆಯೇ ಇದ್ದರೂ ಅದು ಜೆಐಎಸ್ ಎಂಬ ಬೇರೆ ಅಳತೆಯದು. ಸಾಮಾನ್ಯ ಸ್ಟಾರ್ ಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರಿ ತಲೆಯನ್ನು ಸವೆಸುತ್ತದೆ. ಜೆಐಎಸ್ ಡ್ರೈವರ್ ಒಂದನ್ನು ಕೊಂಡರೆ ಅದು ಹಳೆಯ ಜಪಾನಿ ಬೈಕುಗಳ ಸ್ಕ್ರೂಗಳಿಗೂ ಉಪಯೋಗವಾಗುತ್ತದೆ. ಅದರೊಂದಿಗೆ ಸಣ್ಣ ಅಲೆನ್ ಕೀಗಳು, ಚೂಪಾದ ಕಟ್ಟರ್, ಸಣ್ಣ ಅರ, ಅಳತೆಗೆ ಒಂದು ಕ್ಯಾಲಿಪರ್ ಮತ್ತು ಬೆಸುಗೆ ಕಡ್ಡಿ ಇದ್ದರೆ ಸಾಕು. ಬೆಸುಗೆಯ ಅಭ್ಯಾಸವಿಲ್ಲದವರು ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾಡಿಸಬಹುದು, ಆದರೆ ಕೆಂಪು ತಂತಿ ಯಾವುದಕ್ಕೆ, ಕಪ್ಪು ತಂತಿ ಯಾವುದಕ್ಕೆ ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟು ನಿಂತು ನೋಡಬೇಕು. ಬ್ಯಾಟರಿಯ ತಂತಿ ಅದಲುಬದಲಾದರೆ ವೇಗ ನಿಯಂತ್ರಕ ಆ ಕ್ಷಣವೇ ಸುಟ್ಟುಹೋಗುತ್ತದೆ.

ಜೋಡಿಸುವಾಗ ಹೆಚ್ಚಿನವರು ತಪ್ಪುವುದು ಎಲ್ಲಿ?

ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವಲ್ಲಿ. ಕಿಟ್ಟಿನ ಬಹುತೇಕ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ತಾವೇ ಎಳೆ ಕೊರೆದುಕೊಂಡು ಒಳಗಿಳಿಯುತ್ತವೆ. ಒಮ್ಮೆ ಬಿಚ್ಚಿದ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಹಿಮ್ಮುಖವಾಗಿ ಮೆಲ್ಲನೆ ತಿರುಗಿಸಬೇಕು. ಹಳೆಯ ಎಳೆಯ ಬಾಯಿ ಸಿಕ್ಕಾಗ ‘ಟಿಕ್’ ಎಂದು ಸಣ್ಣಗೆ ಕೆಳಗಿಳಿದದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಮುಮ್ಮುಖವಾಗಿ ಬಿಗಿಯಬೇಕು. ಹಾಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಎಳೆ ಕೊರೆದು, ನಾಲ್ಕೈದು ಬಾರಿಗೆ ರಂಧ್ರ ಸಡಿಲವಾಗಿ ಸ್ಕ್ರೂ ನಿಲ್ಲುವುದೇ ಇಲ್ಲ. ಸ್ಕ್ರೂ ತಲೆ ಭಾಗಕ್ಕೆ ತಾಗಿದ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಅಗತ್ಯ ಇರುವುದಿಲ್ಲ.

ಎರಡನೆಯದು ಸ್ಕ್ರೂ ಸಡಿಲವಾಗದಂತೆ ಹಾಕುವ ನೀಲಿ ಅಂಟು. ಲೋಹಕ್ಕೆ ಲೋಹ ಸೇರುವ ಕಡೆ ಅದು ಬೇಕೇ ಬೇಕು. ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಟ್ಟು ಪುಡಿಯಾಗುತ್ತದೆ. ನನ್ನ ಮೊದಲ ಗಾಡಿಯಲ್ಲಿ ನಾನು ಇದನ್ನು ತಿರುವುಮುರುವು ಮಾಡಿದ್ದೆ. ಚಾಸಿಯ ಸ್ಕ್ರೂಗಳಿಗೆಲ್ಲ ಅಂಟು ಹಾಕಿ, ಮೋಟಾರಿನ ಪಿನಿಯನ್ನನ್ನು ಹಿಡಿದಿಡುವ, ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂವಿಗೆ ಹಾಕಲು ಮರೆತಿದ್ದೆ. ಕೊಯ್ಲಾದ ಗದ್ದೆಯಲ್ಲಿ ಮೂರನೆಯ ಓಟಕ್ಕೆ ಪಿನಿಯನ್ ಹೊರಜಾರಿ, ದೊಡ್ಡ ಗೇರಿನ ಹಲ್ಲುಗಳ ತುದಿಗೆ ಮಾತ್ರ ಕಚ್ಚಿಕೊಂಡು ಎಲ್ಲ ಹಲ್ಲುಗಳನ್ನೂ ತೇದುಹಾಕಿತು. ಬದಲಿ ಗೇರು ಕೈಗೆ ಬರಲು ಐದು ವಾರ ಹಿಡಿಯಿತು.

ಮೂರನೆಯದು ಹಲ್ಲುಗಳ ನಡುವಿನ ಅಂತರ. ಮೋಟಾರನ್ನು ಸರಿಸಿ ಬಿಗಿಯುವ ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದರೆ, ದಿನಪತ್ರಿಕೆಯ ಒಂದು ಸಣ್ಣ ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಟ್ಟು ಮೋಟಾರನ್ನು ಒತ್ತಿ ಹಿಡಿದು ಬಿಗಿಯಬೇಕು, ಬಳಿಕ ಗೇರು ತಿರುಗಿಸಿ ಕಾಗದವನ್ನು ಹೊರತೆಗೆಯಬೇಕು. ಉಳಿಯುವ ಎಡೆ ಸರಿಯಾಗಿರುತ್ತದೆ. ಬಿಗಿಯಾದರೆ ಮೋಟಾರು ಕಾಯುತ್ತದೆ, ಸಡಿಲವಾದರೆ ಹಲ್ಲು ಹಾರುತ್ತದೆ.

ಗೇರ್ ಪೆಟ್ಟಿಗೆ ಮುಚ್ಚಿದ ಮೇಲೆ ಮೋಟಾರು ಹಾಕುವ ಮೊದಲು ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಒಂದೇ ಸಮನೆ, ಎಲ್ಲೂ ತೊಡರದೆ ತಿರುಗಬೇಕು. ತೊಡರಿದರೆ ಬಿಚ್ಚಿ, ಅಚ್ಚಿನಿಂದ ಕತ್ತರಿಸಿದ ಭಾಗದಲ್ಲಿ ಉಳಿದ ಒಂದು ಸಣ್ಣ ಚೂರೇ ಹೆಚ್ಚಾಗಿ ಕಾರಣವಾಗಿರುತ್ತದೆ. ಓಡಿಸಿದರೆ ತಾನಾಗಿ ಸರಿಹೋದೀತು ಎಂದು ಬಿಡಬಾರದು. ಈ ಒಂದು ಪರೀಕ್ಷೆಗೆ ಅರ್ಧ ದಿನ ಹೋದರೂ ನಷ್ಟವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಮಾರ್ಪಾಡು ಯಾವುದಿರಬೇಕು?

ಬೇರಿಂಗ್. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಆಕ್ಸೆಲ್ ತಿರುಗುವಲ್ಲಿ ಪ್ಲಾಸ್ಟಿಕ್ಕಿನ ಅಥವಾ ಕಂಚಿನ ಬುಶ್ (ಗುಂಡುಗಳಿಲ್ಲದ ಬರಿಯ ಉಂಗುರ) ಕೊಡುತ್ತಾರೆ. ನಮ್ಮ ಮುರಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿರುವುದರಿಂದ ಅದರ ನುಣುಪಾದ ಧೂಳು ಗ್ರೀಸಿನೊಂದಿಗೆ ಬೆರೆತು ಅರದಂತೆ ಕೆಲಸ ಮಾಡುತ್ತದೆ. ಬುಶ್ಶಿನ ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಚಕ್ರ ಅಲುಗಾಡುತ್ತದೆ, ಗೇರುಗಳ ಅಂತರ ತಪ್ಪುತ್ತದೆ. ಹಲವು ಗಾಡಿಗಳಲ್ಲಿ ಬಳಕೆಯಾಗುವುದು 5 ಮಿ.ಮೀ. ಒಳವ್ಯಾಸ, 11 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪದ ಬೇರಿಂಗ್. ಬೇರಿಂಗ್ ಅಂಗಡಿಯಲ್ಲಿ ಅದರ ಹೆಸರು ಎಂಆರ್115; 5, 8, 2.5 ಮಿ.ಮೀ. ಅಳತೆಯದಾದರೆ ಎಂಆರ್85. ಆಟಿಕೆಯ ಹೆಸರು ಹೇಳಿ ಕೇಳಿದರೆ ಇಲ್ಲವೆನ್ನುವ ಅಂಗಡಿಯವರು ಈ ಸಂಖ್ಯೆ ಹೇಳಿದರೆ ತರಿಸಿಕೊಡುವ ಸಾಧ್ಯತೆ ಹೆಚ್ಚು. ಲೋಹದ ಮುಚ್ಚಳದ ಬದಲು ರಬ್ಬರ್ ಮುಚ್ಚಳದ್ದನ್ನು ಕೇಳಿ. ಅದು ತುಸು ಬಿಗಿಯಾಗಿ ತಿರುಗಿದರೂ ಧೂಳು ಮತ್ತು ನೀರನ್ನು ಹೆಚ್ಚು ತಡೆಯುತ್ತದೆ.

ಹೆಚ್ಚು ವೇಗದ ಮೋಟಾರು ಹಾಕಿದರೆ ಸಾಕಲ್ಲವೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಮತ್ತು ಹೆಚ್ಚಿನ ಗಾಡಿಗಳು ಮೂಲೆ ಸೇರುವುದೂ ಇದರಿಂದಲೇ. ಮೊದಲು ಲೆಕ್ಕ ನೋಡೋಣ. ಪಿನಿಯನ್ನಿಗೆ 10 ಹಲ್ಲು, ದೊಡ್ಡ ಗೇರಿಗೆ 60 ಹಲ್ಲು ಇದ್ದರೆ ಅನುಪಾತ 6. ಒಳಗಿನ ಗೇರುಗಳಲ್ಲಿ ಇನ್ನೊಂದು 2 ಇದ್ದರೆ ಒಟ್ಟು 12. ಮೋಟಾರು ನಿಮಿಷಕ್ಕೆ 20,000 ಸುತ್ತು ತಿರುಗಿದಾಗ ಚಕ್ರ ಸುಮಾರು 1,667 ಸುತ್ತು ತಿರುಗುತ್ತದೆ. 7 ಸೆಂ.ಮೀ. ಟಯರಿನ ಸುತ್ತಳತೆ 22 ಸೆಂ.ಮೀ., ಆದ್ದರಿಂದ ಗಂಟೆಗೆ 22 ಕಿ.ಮೀ. ಆಸುಪಾಸು. 1:24 ಅಳತೆಯ ಗಾಡಿಗೆ ಅಂಗಳದಲ್ಲಿ ಇದು ಕಡಿಮೆ ವೇಗವೇನಲ್ಲ.

ಈಗ ಇಮ್ಮಡಿ ಸುತ್ತಿನ ಮೋಟಾರು ಹಾಕಿದಿರಿ ಎಂದುಕೊಳ್ಳಿ. ಬಲ ಹೋಗುವ ದಾರಿಯಲ್ಲಿ ಅತಿ ದುರ್ಬಲವಾದ ಕೊಂಡಿ ಮೊದಲು ತುಂಡಾಗುತ್ತದೆ, ಸಾಮಾನ್ಯವಾಗಿ ಡಿಫರೆನ್ಷಿಯಲ್ಲಿನ ಸಣ್ಣ ಗೇರು. ಅದನ್ನು ಲೋಹದ್ದಕ್ಕೆ ಬದಲಾಯಿಸಿದರೆ ಆಕ್ಸೆಲ್ ಮುರಿಯುತ್ತದೆ; ಆಕ್ಸೆಲ್ ಉಕ್ಕಿನದಾದರೆ ಚಕ್ರದ ನಡುವಿನ ಆರು ಮೂಲೆಯ ಕುಳಿ ದುಂಡಗಾಗುತ್ತದೆ; ಅದೂ ಗಟ್ಟಿಯಾದರೆ ಗೇರ್ ಪೆಟ್ಟಿಗೆಯೇ ಬಾಯಿ ಬಿಡುತ್ತದೆ. ಹೀಗೆ ಒಂದೊಂದಾಗಿ ಕೊಂಡು ಕೊನೆಗೆ ಕಿಟ್ಟಿನ ಮೂರು ಪಾಲು ಖರ್ಚು ಮಾಡಿದವರಿದ್ದಾರೆ. ಆದ್ದರಿಂದ ಮೊದಲು ಮೂಲ ಮೋಟಾರಿನಲ್ಲೇ ಪಿನಿಯನ್ ಒಂದೆರಡು ಹಲ್ಲು ಹೆಚ್ಚಿಸಿ ನೋಡಿ. ಪ್ರತಿ ಬದಲಾವಣೆಯ ಬಳಿಕ ಐದು ನಿಮಿಷ ಓಡಿಸಿ ಮೋಟಾರನ್ನು ಮುಟ್ಟಿ ನೋಡಿ. ಮೂರು ಸೆಕೆಂಡು ಬೆರಳಿಡಲು ಆಗದಿದ್ದರೆ ಅದು 60 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದು ತಿಳಿದು ಪಿನಿಯನ್ನನ್ನು ಹಿಂದಕ್ಕೆ ಇಳಿಸಬೇಕು.

ಇಷ್ಟಾದ ಮೇಲೂ ಬ್ರಶ್‌ಲೆಸ್ (ಒಳಗೆ ಉಜ್ಜುವ ಬ್ರಶ್ ಇಲ್ಲದ) ಮೋಟಾರು ಬೇಕೆನಿಸಿದರೆ ಅದರ ಕೆವಿ ಸಂಖ್ಯೆಯನ್ನು, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು, ಬ್ಯಾಟರಿಯ ವೋಲ್ಟಿನಿಂದ ಗುಣಿಸಿ. 3,000 ಕೆವಿಯ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ ಹೊರೆಯಿಲ್ಲದಾಗ ನಿಮಿಷಕ್ಕೆ 22,200 ಸುತ್ತು. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿ, ಎಷ್ಟು ವೇಗ ಬರುತ್ತದೆ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು.

ದೊಡ್ಡ ಚಕ್ರ ಹಾಕಬಹುದೇ?

ಹಾಕಬಹುದು, ಆದರೆ ಅದು ಗೇರನ್ನೂ ಬದಲಾಯಿಸಿದಂತೆ. 70 ಮಿ.ಮೀ. ಟಯರಿನ ಬದಲು 85 ಮಿ.ಮೀ. ಹಾಕಿದರೆ ಮೋಟಾರಿನ ಮೇಲಿನ ಹೊರೆ ಸುಮಾರು 21 ಶೇಕಡಾ ಏರುತ್ತದೆ, ಆದ್ದರಿಂದ ಪಿನಿಯನ್ನಿನಲ್ಲಿ ಎರಡು ಹಲ್ಲು ಕಡಿಮೆ ಮಾಡಬೇಕಾಗುತ್ತದೆ. ತಿರುವಿನಲ್ಲಿ ಟಯರು ಬಾಡಿಗೆ ಉಜ್ಜುತ್ತದೆಯೇ ಎಂದೂ ನೋಡಬೇಕು. ಟಯರನ್ನು ರಿಮ್ಮಿಗೆ ಅಂಟಿಸುವಾಗ ರಿಮ್ಮಿನ ಅಂಚನ್ನು ಒರೆಸಿ ಒಣಗಿಸಿ, ಸೂಪರ್ ಗ್ಲೂ ಅನ್ನು ಸುತ್ತ ನಾಲ್ಕು ಕಡೆ ಹನಿಹನಿಯಾಗಿ ಬಿಟ್ಟರೆ ಸಾಕು. ರಿಮ್ಮಿನಲ್ಲಿರುವ ಸಣ್ಣ ಗಾಳಿರಂಧ್ರವನ್ನು ಅಂಟಿನಿಂದ ಮುಚ್ಚಬಾರದು. ಗಾಳಿ ಹೊರಹೋಗದ ಟಯರು ಚೆಂಡಿನಂತೆ ಪುಟಿಯುತ್ತದೆ.

ಹಾರಿಸಿ ಇಳಿಸಿದಾಗ ಗಾಡಿ ಪುಟಿದು ಮಗುಚುತ್ತದೆ. ಏನು ಮಾಡಬೇಕು?

ಮೂಲ ಕಿಟ್ಟಿನ ಶಾಕ್ ಅಬ್ಸಾರ್ಬರಿನಲ್ಲಿ ಹೆಚ್ಚಾಗಿ ಸ್ಪ್ರಿಂಗ್ ಮಾತ್ರ ಇರುತ್ತದೆ. ಸ್ಪ್ರಿಂಗ್ ಬಲವನ್ನು ಹಿಡಿದಿಟ್ಟುಕೊಂಡು ಹಾಗೆಯೇ ಹಿಂದಿರುಗಿಸುತ್ತದೆ, ಅದನ್ನು ನುಂಗುವುದಿಲ್ಲ. ನುಂಗುವ ಕೆಲಸ ಎಣ್ಣೆಯದ್ದು: ಸಣ್ಣ ರಂಧ್ರಗಳಿರುವ ಪಿಸ್ಟನ್ ಎಣ್ಣೆಯ ನಡುವೆ ಚಲಿಸುವಾಗ ಬಲ ಶಾಖವಾಗಿ ಕರಗುತ್ತದೆ. ಎಣ್ಣೆ ತುಂಬಿದ ಶಾಕ್‌ಗಳು ಬೇರಿಂಗಿನ ಬಳಿಕ ನಾನು ಸೂಚಿಸುವ ಎರಡನೆಯ ಮಾರ್ಪಾಡು. ತುಂಬುವಾಗ ಶಾಕನ್ನು ನೆಟ್ಟಗೆ ಹಿಡಿದು, ಪಿಸ್ಟನನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿ, ಗಾಳಿಗುಳ್ಳೆಗಳು ಮೇಲೆ ಬರುವವರೆಗೆ ಹತ್ತು ನಿಮಿಷ ಕಾಯಬೇಕು. ಒಳ್ಳೆಯದನ್ನು ಗುರುತಿಸಲು ಗಾಡಿಯನ್ನು ಒಂದು ಅಡಿ ಎತ್ತರದಿಂದ ಚಪ್ಪಟೆಯಾಗಿ ನೆಲಕ್ಕೆ ಬಿಡಿ. ಅದು ಒಮ್ಮೆ ಕುಸಿದು ಎದ್ದು ನಿಲ್ಲಬೇಕು, ಎರಡನೆಯ ಸಲ ಪುಟಿಯಬಾರದು.

ಗಾಳಿಯಲ್ಲಿ ಇರುವಾಗಿನ ನಿಯಂತ್ರಣವೂ ಕಲಿಯತಕ್ಕದ್ದು. ಚಕ್ರಗಳು ದೊಡ್ಡವೂ ಭಾರವೂ ಆಗಿರುವುದರಿಂದ, ಹಾರಿರುವಾಗ ವೇಗ ಹೆಚ್ಚಿಸಿದರೆ ಗಾಡಿಯ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ಬೆರಳಿಗೆ ಇದು ಹಿಡಿತವಾದ ದಿನ ಸಿಗುವ ಸಂತೋಷವೇ ಬೇರೆ.

ಶಾಕ್‌ಗೆ ತೆಂಗಿನೆಣ್ಣೆ ಹಾಕಬಹುದೇ? ಮನೆಯಲ್ಲಿ ಬೇಕಾದಷ್ಟು ಇದೆ.

ಬೇಡ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಆದ್ದರಿಂದ ಧನುರ್ಮಾಸದ ಬೆಳಗ್ಗೆ ಶಾಕ್ ಅಲುಗಾಡದೆ ನಿಂತು ಮಧ್ಯಾಹ್ನ ನೀರಾಗುತ್ತದೆ. ದಿನ ಕಳೆದಂತೆ ಕನರಿ ಅಂಟಂಟಾಗುತ್ತದೆ. ಎಂಜಿನ್ ಆಯಿಲ್ ರಬ್ಬರ್ ಉಂಗುರಗಳನ್ನು ಉಬ್ಬಿಸುವುದುಂಟು. ಚಳಿಗೂ ಸೆಕೆಗೂ ಹೆಚ್ಚು ಬದಲಾಗದ ಸಿಲಿಕೋನ್ ಎಣ್ಣೆಯನ್ನೇ ಬಳಸಬೇಕು, ಒಂದು ಸಣ್ಣ ಬಾಟಲಿ ಬಹಳ ಕಾಲ ಬರುತ್ತದೆ.

ಅಲ್ಯೂಮಿನಿಯಂ ಭಾಗಗಳು ಪ್ಲಾಸ್ಟಿಕ್ಕಿಗಿಂತ ಮೇಲಲ್ಲವೇ?

ಎಲ್ಲ ಕಡೆಗೂ ಅಲ್ಲ. ಅಡಿಕೆ ಕೀಳುವ ದೋಟಿ ಬಾಗಿ ಮತ್ತೆ ನೆಟ್ಟಗಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಳ್ಳೆಯ ನೈಲಾನ್ ತೋಳು ಪೆಟ್ಟು ಬಿದ್ದಾಗ ಬಾಗಿ ಹಿಂದಿರುಗುತ್ತದೆ. ಅಲ್ಯೂಮಿನಿಯಂ ತೋಳು ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ, ಇಲ್ಲವೇ ಪೆಟ್ಟನ್ನು ಚಾಸಿಗೆ ದಾಟಿಸಿ ಅದನ್ನು ಸೀಳುತ್ತದೆ. ಮೋಟಾರು ಕೂರಿಸುವ ಫಲಕ ಮಾತ್ರ ಅಲ್ಯೂಮಿನಿಯಂ ಆಗಿದ್ದರೆ ಒಳ್ಳೆಯದು, ಏಕೆಂದರೆ ಅದು ಶಾಖವನ್ನು ಹೊರಗೆಳೆಯುತ್ತದೆ. 3ಡಿ ಪ್ರಿಂಟರಿನಲ್ಲಿ ಭಾಗ ಮಾಡಿಸುವವರು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಬದಲು ಪಿಇಟಿಜಿ ಎಂಬುದನ್ನು ಅಥವಾ ನೈಲಾನ್ ಕೇಳಿ. ಪಿಎಲ್‌ಎ 60 ಡಿಗ್ರಿಗೆ ಮೆತ್ತಗಾಗುತ್ತದೆ, ಏಪ್ರಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಅಷ್ಟು ಶಾಖವಾಗುವುದು ಅಪರೂಪವಲ್ಲ.

ಡಿಫರೆನ್ಷಿಯಲ್ ಲಾಕ್ ಮಾಡಬೇಕೇ?

ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಹೋಗಬೇಕಾದ್ದರಿಂದ ಡಿಫರೆನ್ಷಿಯಲ್ ಇದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಬಲವೆಲ್ಲ ಅದಕ್ಕೇ ಹರಿದು ಗಾಡಿ ನಿಂತುಬಿಡುತ್ತದೆ. ಸಡಿಲ ಮುರಕಲ್ಲಿನ ಹುಡಿಯಲ್ಲಿ, ತೋಟದ ಹುಣಿಗಳಲ್ಲಿ ಓಡಿಸುವವರು ಹಿಂದಿನದರಲ್ಲಿ ಮಾತ್ರ ದಪ್ಪ ಸಿಲಿಕೋನ್ ಪುಟ್ಟಿ ತುಂಬಿದರೆ ಸಾಕು. ಪೂರ್ತಿ ಲಾಕ್ ಮಾಡಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತಾದ ಗಾಡಿ ಸಿಮೆಂಟ್ ಅಂಗಳದಲ್ಲಿ ತಿರುಗಲು ಹೆಣಗುತ್ತದೆ ಮತ್ತು ಆಕ್ಸೆಲನ್ನು ತಿರುಚುತ್ತದೆ.

ವೇಗ ಕೊಟ್ಟ ಕೂಡಲೇ ಮುಂದಿನ ಚಕ್ರ ಮೇಲೆದ್ದು ಗಾಡಿ ಹಿಮ್ಮುಖವಾಗಿ ಮಗುಚುತ್ತದೆ. ಇದು ದೋಷವೇ?

ದೋಷವಲ್ಲ, ಗಿಡ್ಡ ಚಾಸಿ ಮತ್ತು ಹಿಂದಿರುವ ಮೋಟಾರಿನ ಸ್ವಭಾವ. ಲಂಚ್ ಬಾಕ್ಸ್ ಹೆಸರಾದದ್ದೇ ಹೀಗೆ ಮುಂಗಾಲೆತ್ತುವುದಕ್ಕೆ. ಅದನ್ನು ಹತೋಟಿಗೆ ತರಬೇಕಾದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಆಗದಿದ್ದರೆ ಮುಂದಿನ ಆಕ್ಸೆಲಿನ ಬಳಿ, ಆದಷ್ಟು ಕೆಳಗೆ, 20ರಿಂದ 30 ಗ್ರಾಂ ಸೀಸ ಕಟ್ಟಿ. ಮೀನಿನ ಗಾಳದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸೀಸದ ಗುಂಡು ಇದಕ್ಕೆ ತಕ್ಕದ್ದು. ಸೀಸವನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು.

ಸರ್ವೋ ಬದಲಾಯಿಸುವಾಗ ಏನು ನೋಡಬೇಕು?

ತೂಕ ಮತ್ತು ಗಾತ್ರದ ಜೊತೆ ಅದರ ತಲೆಯ ಹಲ್ಲುಗಳ ಸಂಖ್ಯೆ. ಫುಟಾಬಾ ಕಂಪನಿಯ ಬಗೆಯವಕ್ಕೆ 25, ಸಾನ್ವಾ ಕಂಪನಿಯ ಬಗೆಯವಕ್ಕೆ 23. ಒಂದರ ತೋಳು ಇನ್ನೊಂದಕ್ಕೆ ಕೂರುವುದಿಲ್ಲ. ತೋಳನ್ನು ಬಿಗಿಯುವ ಮೊದಲು ರಿಮೋಟ್ ಆನ್ ಮಾಡಿ ಸರ್ವೋವನ್ನು ನಡುವಿಗೆ ತಂದುಕೊಳ್ಳಬೇಕು. ರಿಮೋಟ್ ಮೊದಲು ಆನ್, ಗಾಡಿ ಮೊದಲು ಆಫ್ ಎಂಬ ಕ್ರಮವನ್ನು ಎಂದಿಗೂ ತಪ್ಪಬಾರದು.

ಈ ರಿಮೋಟಿಗೆ ಪರವಾನಗಿ ಬೇಕೇ?

ಬೇಡ. 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳ ಬಳಕೆಗೆ ಕೇಂದ್ರ ಸರಕಾರ 2005ರಲ್ಲೇ ಪರವಾನಗಿಯಿಂದ ವಿನಾಯಿತಿ ನೀಡಿದೆ.

ಬ್ಯಾಟರಿ ಯಾವುದು? ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಅಪಾಯಕಾರಿಯೇ?

ಹೊಸಬರಿಗೆ, ವಿಶೇಷವಾಗಿ ಮಕ್ಕಳಿಗೆ, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಸಾಕು. ಅದರ ಒಂದು ಕೋಶ 1.2 ವೋಲ್ಟ್, ಆರು ಸೇರಿದರೆ 7.2 ವೋಲ್ಟ್. ತೂಕ ಹೆಚ್ಚು, ಆದರೆ ತಪ್ಪುಗಳನ್ನು ಸಹಿಸುತ್ತದೆ.

ಲಿಪೋ ಹಗುರ, ಬಲಶಾಲಿ, ಮತ್ತು ನಿಯಮ ಪಾಲಿಸದವರ ಕೈಯಲ್ಲಿ ಅಪಾಯಕಾರಿ. ಅದರ ಒಂದು ಕೋಶ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್, ಅದಕ್ಕಿಂತ ಮೇಲೆ ಹೋಗಬಾರದು. 3 ವೋಲ್ಟಿಗಿಂತ ಕೆಳಗಿಳಿಯಬಾರದು. ವೇಗ ನಿಯಂತ್ರಕದಲ್ಲಿ, ವೋಲ್ಟ್ ಇಳಿದಾಗ ತಾನಾಗಿ ಮೋಟಾರು ನಿಲ್ಲಿಸುವ ಲಿಪೋ ಕಡಿತದ ಆಯ್ಕೆ ಇದ್ದರೆ ಅದನ್ನು ಆನ್ ಮಾಡದೆ ಓಡಿಸಬೇಡಿ. ಚಾರ್ಜ್ ಮಾಡುವ ವಿದ್ಯುತ್ತು ಬ್ಯಾಟರಿಯ ಸಾಮರ್ಥ್ಯಕ್ಕೆ ಸಮನಾಗಿರಲಿ: 450 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಇದ್ದರೆ 0.45 ಆಂಪಿಯರ್. ಎಲ್ಲ ಕೋಶಗಳನ್ನೂ ಸಮಾನವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಿ. ಚಾರ್ಜ್ ಆಗುವಷ್ಟು ಹೊತ್ತು ಹತ್ತಿರವೇ ಇರಬೇಕು, ಮತ್ತು ಬ್ಯಾಟರಿ ಸೋಗೆ, ಗೋಣಿ, ಅಡಿಕೆ ರಾಶಿ, ಮರದ ಅಟ್ಟ ಇವುಗಳಿಂದ ದೂರದಲ್ಲಿ, ಸಿಮೆಂಟ್ ನೆಲದ ಮೇಲಿನ ಮಣ್ಣಿನ ಚಟ್ಟಿಯಲ್ಲಿ ಇರಬೇಕು. ಪಕ್ಕದಲ್ಲಿ ಒಂದು ಬಕೆಟ್ ಒಣ ಹೊಯಿಗೆ ಇಟ್ಟುಕೊಳ್ಳಿ.

ಒಂದು ವರ್ಷ ನಾನು ಎರಡು ಲಿಪೋಗಳನ್ನು ಪೂರ್ತಿ ತುಂಬಿಸಿ ಮಳೆಗಾಲವಿಡೀ ಕಪಾಟಿನಲ್ಲಿ ಇಟ್ಟಿದ್ದೆ. ಸೆಪ್ಟೆಂಬರಿನಲ್ಲಿ ತೆಗೆದಾಗ ಎರಡೂ ದಿಂಬಿನಂತೆ ಉಬ್ಬಿದ್ದವು. ಎತ್ತಿಡುವಾಗ ಕೋಶಕ್ಕೆ 3.8 ವೋಲ್ಟ್ ಇರಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಕಸ ಸುಡುವ ಗುಂಡಿಗೆ ಎಂದಿಗೂ ಹಾಕಬಾರದು. ಸಣ್ಣ ಬಲ್ಬ್ ಕಟ್ಟಿ ಹೊರಗಡೆ ನಿಧಾನವಾಗಿ ಪೂರ್ತಿ ಖಾಲಿ ಮಾಡಿ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಪಂಚಾಯತಿನ ಹರಿತ ಕರ್ಮಸೇನೆಯವರಲ್ಲಿ ವಿಚಾರಿಸಬಹುದು.

ಬಾಡಿಗೆ ಬಣ್ಣ ಹಾಕುವುದು ಹೇಗೆ?

ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗೆ ಒಳಗಿನಿಂದ ಬಣ್ಣ ಹಾಕುತ್ತಾರೆ, ಹೊರಮೈ ಉಜ್ಜಿದರೂ ಬಣ್ಣ ಉಳಿಯಲೆಂದು. ಇಲ್ಲಿ ಕ್ರಮ ತಲೆಕೆಳಗಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಮೊದಲು ತಳದ ಬಣ್ಣ ಬಳಿದು ಆಮೇಲೆ ಗೆರೆ ಎಳೆದು ಕೊನೆಗೆ ಚುಟ್ಟಿ ಇಡುತ್ತಾರೆ. ಬಾಡಿಯ ಒಳಗಡೆ ಚುಟ್ಟಿಯಿಂದ ತೊಡಗಿ ತಳದ ಬಣ್ಣದಲ್ಲಿ ಮುಗಿಸಬೇಕು. ಸಣ್ಣ ಗೆರೆ ಮತ್ತು ಗಾಢ ಬಣ್ಣ ಮೊದಲು, ತಿಳಿ ಬಣ್ಣ ಬಳಿಕ, ಕೊನೆಗೆ ಹಿಂಬದಿಗೆ ಬಿಳಿ. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಒಳಮೈ ತೊಳೆದು ಒಣಗಿಸಿ, ಕಿಟಕಿಗಳಿಗೆ ಮರೆ ಅಂಟಿಸಿ, ಪಾಲಿಕಾರ್ಬೊನೇಟಿಗೆಂದೇ ಮಾಡಿದ ಬಣ್ಣವನ್ನು ತೆಳುವಾಗಿ ಮೂರು ನಾಲ್ಕು ಸಲ ಸಿಂಪಡಿಸಿ. ಬೇರೆ ಬಣ್ಣ ಹಾಕಿದರೆ ಮೊದಲ ಪಲ್ಟಿಗೇ ಹೊಪ್ಪಳಿಕೆ ಏಳುತ್ತದೆ. ಥಿನ್ನರಿನಿಂದ ಒರೆಸಿದರೆ ಬಾಡಿಯೇ ಬಿರಿಯುತ್ತದೆ. ಆಟಿಯ ಮಳೆಯ ತೇವದಲ್ಲಿ ಬಣ್ಣ ಮಂಕಾಗುವುದರಿಂದ ಈ ಕೆಲಸಕ್ಕೆ ಬಿಸಿಲಿನ ದಿನವೇ ಬೇಕು. ಹೊರಮೈಯ ತೆಳು ಹಾಳೆಯನ್ನು ಎಲ್ಲ ಮುಗಿದ ಮೇಲೆ ಕೀಳಬೇಕು.

ಎಲ್ಲಿ ಓಡಿಸಬಹುದು?

ಕೊಯ್ಲಾದ ಗದ್ದೆ, ಅಡಿಕೆ ಒಣಗಿಸದ ತಿಂಗಳುಗಳ ಅಂಗಳ, ಮುರಕಲ್ಲಿನ ಬೋಳುಗುಡ್ಡೆ. ಅಡಿಕೆ ಮರದ ಸೀಳುಗಳನ್ನು ಕಟ್ಟಿ ಏರು ಮಾಡಬಹುದು, ಜಜ್ಜಲು ಕಾರುಗಳ ಬದಲು ಅಡಿಕೆ ಹಾಳೆಯನ್ನು ಮಡಚಿ ಕಾರಿನ ಆಕಾರ ಮಾಡಿ ಸಾಲಾಗಿ ಇಡಬಹುದು. ನಮ್ಮ ಮನೆಯ ಮಕ್ಕಳಿಗೆ ಗಾಡಿಗಿಂತ ಅದರಲ್ಲೇ ಹೆಚ್ಚು ಉತ್ಸಾಹ. ರಸ್ತೆಯಲ್ಲಿ ಓಡಿಸಬಾರದು. ಬೇಕಲದ ಹೊಯಿಗೆ ಎಷ್ಟೇ ಆಸೆ ಹುಟ್ಟಿಸಿದರೂ ಕಡಲ ಬದಿ ಬೇಡವೆಂದೇ ನನ್ನ ಸಲಹೆ: ಉಪ್ಪು ಸೇರಿದ ಬೇರಿಂಗ್ ಒಂದೇ ವಾರದಲ್ಲಿ ತುಕ್ಕು ಹಿಡಿಯುವುದನ್ನು ಕಂಡಿದ್ದೇನೆ.

ಗಾಡಿ ಹಾರುವ ವಿಡಿಯೊ ಆಟಿಕೆಯಂತೆ ಕಾಣುತ್ತದೆ. ನಿಜವಾದ ಟ್ರಕ್ಕಿನಂತೆ ಕಾಣಿಸುವುದು ಹೇಗೆ?

ಬೀಳುವ ಹೊತ್ತು ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 1:24 ಗಾಡಿ ದೊಡ್ಡದಕ್ಕಿಂತ 24ರ ವರ್ಗಮೂಲದಷ್ಟು, ಸುಮಾರು 4.9 ಪಾಲು ಬೇಗ ಬೀಳುತ್ತದೆ. ಫೋನಿನಲ್ಲಿ ಸೆಕೆಂಡಿಗೆ 120 ಚಿತ್ರಗಳಂತೆ ತೆಗೆದು 24ರಂತೆ ತೋರಿಸಿದರೆ ಐದು ಪಾಲು ನಿಧಾನವಾಗುತ್ತದೆ. ಫೋನನ್ನು ನೆಲಕ್ಕೆ ತಾಗಿಸಿ ಇಟ್ಟು ತೆಗೆಯಿರಿ.

ಮಳೆಯಲ್ಲಿ ಓಡಿಸಬಹುದೇ? ಮಳೆಗಾಲಕ್ಕೆ ಎತ್ತಿಡುವುದು ಹೇಗೆ?

ವೇಗ ನಿಯಂತ್ರಕ ಮತ್ತು ಸರ್ವೋ ನೀರು ತಡೆಯುವಂಥವಾಗಿದ್ದು, ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿದ್ದರೆ ಕೆಸರಿನಲ್ಲಿ ಓಡಿಸಬಹುದು. ಓಟ ಮುಗಿದ ಮೇಲೆ ಬ್ಯಾಟರಿ ತೆಗೆದು, ಸಿಹಿನೀರಿನಿಂದ ಕೆಸರು ತೊಳೆದು, ಫ್ಯಾನಿನ ಕೆಳಗೆ ಒಣಗಿಸಿ, ಪ್ರತಿ ಬೇರಿಂಗಿಗೂ ಮೋಟಾರಿನ ಎರಡು ತುದಿಗೂ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕು. ಅಷ್ಟು ಹೊತ್ತು ಇಲ್ಲದವರು ಒದ್ದೆಯಲ್ಲಿ ಓಡಿಸದಿರುವುದೇ ಲೇಸು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತಿಡುವುದಾದರೆ, ಗಾಡಿಯನ್ನು ಒಂದು ಸಣ್ಣ ಮರದ ತುಂಡಿನ ಮೇಲೆ ಏರಿಸಿ ಚಕ್ರಗಳಿಗೂ ಶಾಕ್‌ಗಳಿಗೂ ಭಾರ ಬೀಳದಂತೆ ಮಾಡಿ. ಗೇರ್ ಪೆಟ್ಟಿಗೆ ತೆರೆದು ಹಳೆಯ ಗ್ರೀಸ್ ಒರೆಸಿ ಹೊಸತು ಹಚ್ಚಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳೊಂದಿಗೆ ಇಡಿ, ಬ್ಯಾಟರಿಯನ್ನು ಬೇರೆಡೆ ಇಡಿ, ಮತ್ತು ತಿಂಗಳಿಗೊಮ್ಮೆ ಡಬ್ಬಿ ತೆರೆದು ಚಕ್ರಗಳನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ.